ನೀರಿಲ್ಲದ ಕಾಲುವೆ, ಹಳಿಯಿಲ್ಲದ ರೈಲುದಾರಿ

ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಸೈಕಲ್ ಹತ್ತಿದವರು ಸುಮಾರು 540 ಕಿಲೋಮೀಟರ್ ಆಚೆಯ ವಾಷಿಂಗ್ಟನ್ನಿನಲ್ಲಿ ಇಳಿಯುವವರೆಗೆ, ಅಲ್ಲಲ್ಲಿ ಊರ ರಸ್ತೆಗಳನ್ನು ದಾಟುವುದನ್ನು ಬಿಟ್ಟರೆ, ಮೋಟಾರು ವಾಹನಗಳ ಸಹವಾಸವಿಲ್ಲದೆ ಸಾಗಬಹುದು. ಮೊದಲ 240 ಕಿಲೋಮೀಟರಿನ ಹೆಸರು ಗ್ರೇಟ್ ಆಲಿಗೇನಿ ಪ್ಯಾಸೇಜ್. ಅಲ್ಲಿ ಚಕ್ರದಡಿಗೆ ಸಿಗುವುದು ಪುಡಿ ಮಾಡಿ ಹಾಸಿದ ಸುಣ್ಣಕಲ್ಲಿನ ಜಲ್ಲಿ. ಕಂಬರ್ಲೆಂಡ್ ಎಂಬ ಊರಿನಿಂದ ಮುಂದಿನ 297 ಕಿಲೋಮೀಟರು ಚೆಸಪೀಕ್ ಮತ್ತು ಒಹಾಯೊ ಕಾಲುವೆಯ ದಂಡೆ. ಅಲ್ಲಿ ಮಣ್ಣು, ಜಲ್ಲಿ, ಮಳೆ ಬಂದರೆ ಕೆಸರು. ಉದ್ದಕ್ಕೂ ಒಂದಲ್ಲ ಒಂದು ನದಿ ಪಕ್ಕದಲ್ಲಿರುತ್ತದೆ. ಒಂದನ್ನು ಬಿಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಮೇಲೆ ಬೆಟ್ಟ, ಬೆಟ್ಟದ ತುಂಬ ಕಾಡು.

ಇಂಥ ದಾರಿಗಳಲ್ಲಿ ದಪ್ಪ ಟೈರಿನ ಸೈಕಲ್ ತುಳಿಯುವ ಹವ್ಯಾಸಕ್ಕೆ ಈಗ ‘ಗ್ರಾವೆಲ್ ಬೈಕಿಂಗ್’ ಎಂಬ ಹೆಸರು ಬಂದಿದೆ. ನಮ್ಮ ಗೆಳೆಯರಲ್ಲಿಯೂ ಭಾನುವಾರ ನಸುಕಿನಲ್ಲಿ ಸೈಕಲ್ ಹತ್ತಿ, ಹೆದ್ದಾರಿಗೆ ಲಾರಿಗಳು ಇಳಿಯುವ ಮೊದಲೇ ಮನೆ ಸೇರುವವರಿದ್ದಾರೆ. ಅವರಿಗೆ ಈ ವರ್ಣನೆ ಸ್ವರ್ಗದ ವರ್ಣನೆಯಂತೆಯೇ ಕೇಳಿಸೀತು. ನಾವು ಹೇಳಹೊರಟಿರುವುದು ಸ್ವರ್ಗದ ಮಾತಲ್ಲ. ಈ ದಾರಿಯನ್ನು ಸೈಕಲ್ಲಿಗಾಗಿ ಯಾರೂ ಮಾಡಲಿಲ್ಲ. ಒಂದು ಕಾಲುವೆಗಾಗಿ, ಉಳಿದದ್ದು ರೈಲಿಗಾಗಿ, ಎರಡೂ ದುಡ್ಡಿಗಾಗಿ ಮಾಡಿದವು; ಎರಡೂ ಸೋತವು. ಸೋತ ಮೇಲೆ ತುಂಡುತುಂಡಾಗಿ ಮಾರಿಹೋಗಬೇಕಿದ್ದ ನೆಲ ಹೀಗೆ ಅಖಂಡವಾಗಿ ಉಳಿದದ್ದು ಹೇಗೆ ಎಂಬುದೇ ನಮ್ಮ ಕುತೂಹಲ. ಹುಡುಕುತ್ತ ಹೋದರೆ ಪ್ರಕೃತಿಪ್ರೇಮ ಈ ಕಥೆಯಲ್ಲಿ ತೀರ ತಡವಾಗಿ ಬರುತ್ತದೆ. ಅಲ್ಲಿಯವರೆಗೆ ಈ ನೆಲವನ್ನು ಕಾದದ್ದು ಒಂದು ಹೊಟ್ಟೆಕಿಚ್ಚು.

ಮೊದಲು ನೆಲದ ಸ್ವರೂಪವನ್ನು ಹೇಳಬೇಕು. ಪೊಟೊಮ್ಯಾಕ್ ನದಿ ಪೂರ್ವಕ್ಕೆ ಹರಿದು ಅಟ್ಲಾಂಟಿಕ್ ಕಡಲನ್ನು ಸೇರುತ್ತದೆ. ಒಹಾಯೊ ನದಿ ಪಶ್ಚಿಮಕ್ಕೆ ಹರಿದು ಮಿಸಿಸಿಪಿಯನ್ನು ಕೂಡಿಕೊಳ್ಳುತ್ತದೆ. ಎರಡರ ನಡುವೆ ಆಲಿಗೇನಿ ಬೆಟ್ಟಸಾಲು, ನಮ್ಮ ಬಿಸಿಲೆ ಘಾಟಿಯ ನೆತ್ತಿಯ ಹಾಗೆ, ಮಳೆನೀರನ್ನು ಎರಡು ದಿಕ್ಕಿಗೆ ಹಂಚುತ್ತ ಮಲಗಿದೆ. ಪೂರ್ವ ಕರಾವಳಿಯ ಬಂದರುಗಳಿಗೂ ಪಶ್ಚಿಮದ ಫಲವತ್ತಾದ ಬಯಲಿಗೂ ನಡುವಿನ ಈ ಗೋಡೆಯನ್ನು ನೀರಿನ ಮೂಲಕವೇ ದಾಟಬೇಕೆಂಬ ಕನಸನ್ನು ಕಂಡವರಲ್ಲಿ ಮುಖ್ಯನಾದವನು ಜಾರ್ಜ್ ವಾಷಿಂಗ್ಟನ್. ರಾಷ್ಟ್ರಾಧ್ಯಕ್ಷನಾಗುವುದಕ್ಕೆ ಮೊದಲೇ, 1785ರಲ್ಲಿ, ಅವನು ಪೊಟೊಮ್ಯಾಕ್ ಕಂಪನಿಯ ಅಧ್ಯಕ್ಷನಾದ. ಜಲಪಾತಗಳ ಪಕ್ಕದಲ್ಲಿ ಚಿಕ್ಕಚಿಕ್ಕ ಕಾಲುವೆ ತೋಡಿ ನದಿಯಲ್ಲಿಯೇ ದೋಣಿ ನಡೆಸುವುದು ಅದರ ಯೋಜನೆ. ಬೇಸಿಗೆಯಲ್ಲಿ ನೀರಿಲ್ಲ, ಮಳೆಯಲ್ಲಿ ಪ್ರವಾಹ, ಕಂಪನಿ ಏಳಿಗೆಯಾಗಲಿಲ್ಲ.

1825ರಲ್ಲಿ ನ್ಯೂಯಾರ್ಕಿನವರ ಈರಿ ಕಾಲುವೆ ಮುಗಿದು ಆ ಬಂದರಿನ ಭಾಗ್ಯದ ಬಾಗಿಲು ತೆರೆಯಿತು. ಉಳಿದ ಬಂದರುಗಳವರಿಗೆ ನಿದ್ರೆ ಹತ್ತದಂತಾಯಿತು. ವಾಷಿಂಗ್ಟನ್ನಿನವರು ಕಾಲುವೆಯನ್ನೇ ನಂಬಿದರು. ಹತ್ತಿರದ ಬಾಲ್ಟಿಮೋರಿನವರು ಇನ್ನೂ ಸರಿಯಾಗಿ ಕಣ್ಣು ಬಿಡದಿದ್ದ ರೈಲನ್ನು ನಂಬಿದರು. ಇಬ್ಬರ ಗುರಿಯೂ ಒಹಾಯೊ ನದಿ. ಇಬ್ಬರೂ ಮುಹೂರ್ತವಿಟ್ಟದ್ದು 1828ರ ಜುಲೈ 4ರಂದೇ. ಅತ್ತ ಬಾಲ್ಟಿಮೋರಿನಲ್ಲಿ, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಆಗ ಬದುಕುಳಿದಿದ್ದ ಏಕೈಕ ವ್ಯಕ್ತಿ, ತೊಂಬತ್ತು ವರ್ಷದ ಚಾರ್ಲ್ಸ್ ಕ್ಯಾರೊಲ್, ರೈಲುದಾರಿಯ ಶಿಲಾನ್ಯಾಸ ಮಾಡಿದ. ಇತ್ತ ಪೊಟೊಮ್ಯಾಕ್ ದಂಡೆಯಲ್ಲಿ ರಾಷ್ಟ್ರಾಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಕಾಲುವೆಗೆ ಗುದ್ದಲಿಪೂಜೆಗೆ ನಿಂತ. ಮೊದಲ ಏಟು ಮರದ ಬೇರಿಗೆ ತಗುಲಿತು. ಎರಡು ಮೂರು ಬಾರಿ ಪ್ರಯತ್ನಿಸಿ, ಕೊನೆಗೆ ಕೋಟು ಕಳಚಿ ಎಸೆದು ಅಗೆದಾಗ ನೆರೆದ ಜನ ಜಯಕಾರ ಹಾಕಿದರಂತೆ. ಶಕುನ ನಂಬುವವರು ಆ ಬೇರನ್ನು ನೆನಪಿಟ್ಟುಕೊಳ್ಳಬಹುದು.

ನದಿಕಣಿವೆಯಲ್ಲಿ ಸಪಾಟಾದ ನೆಲ ಸಿಗುವುದೇ ಕಡಿಮೆ. ಪಾಯಿಂಟ್ ಆಫ್ ರಾಕ್ಸ್ ಎಂಬಲ್ಲಿ ಬೆಟ್ಟದ ಬಂಡೆ ನದಿಯವರೆಗೂ ಚಾಚಿಕೊಂಡಿದೆ. ಆ ಇಕ್ಕಟ್ಟಿನ ನೆಲ ಯಾರದೆಂದು ಕಾಲುವೆ ಕಂಪನಿ, ರೈಲ್ವೆ ಕಂಪನಿ ನ್ಯಾಯಾಲಯದ ಮೆಟ್ಟಿಲು ಹತ್ತಿದವು. 1832ರಲ್ಲಿ ತೀರ್ಪು ಕಾಲುವೆಯ ಪರವಾಗಿ ಬಂತು. ಮೊಕದ್ದಮೆ ಗೆದ್ದವರು ಓಟದಲ್ಲಿ ಸೋತರು. ಅಗೆಯುವ ಕೆಲಸಕ್ಕೆ ಐರ್ಲೆಂಡಿನಿಂದ ಬಂದ ಬಡ ಕೂಲಿಗಳಿದ್ದರು. ಅದೇ 1832ರ ಕಾಲರಾ ಕಾಲುವೆಯ ಬಿಡಾರಗಳಿಗೆ ನುಗ್ಗಿ ಅವರನ್ನು ಬಲಿ ತೆಗೆದುಕೊಂಡಿತು. ಅಳಿದುಳಿದವರು ಗುಳೆ ಹೊರಟರು. 1834ರ ಜನವರಿಯಲ್ಲಿ, ಕೆಲಸವೂ ಕೂಲಿಯೂ ಸಾಲದೆ, ಐರಿಷ್ ಕೂಲಿಗಳ ಎರಡು ಪಂಗಡಗಳು ಪರಸ್ಪರ ಕಾದಾಡಿದವು. ರಾಷ್ಟ್ರಾಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸೇನೆಯನ್ನು ಕಳುಹಿಸಿದ. ಅಮೆರಿಕದ ಒಕ್ಕೂಟ ಸರಕಾರ ಕಾರ್ಮಿಕರ ವ್ಯಾಜ್ಯವೊಂದಕ್ಕೆ ಸೈನಿಕರನ್ನು ಇಳಿಸಿದ್ದು ಅದೇ ಮೊದಲು ಎಂದು ಚರಿತ್ರೆಕಾರರು ಗುರುತಿಸುತ್ತಾರೆ. ಇಂದು ಹಕ್ಕಿಗಳ ಉಲಿ ಕೇಳುತ್ತ ಸೈಕಲ್ ತುಳಿಯುವ ಜಾಗಗಳಲ್ಲಿ ಹೀಗೂ ನಡೆದಿತ್ತು.

ಪಾ ಪಾ ಎಂಬಲ್ಲಿ ನದಿ ಹಾವಿನಂತೆ ಸುರುಳಿ ಸುತ್ತುತ್ತದೆ. ಆ ಸುತ್ತನ್ನು ತಪ್ಪಿಸಲು ಬೆಟ್ಟವನ್ನೇ ಕೊರೆದು ಸುರಂಗ ಮಾಡುವುದೆಂದು 1836ರಲ್ಲಿ ಆರಂಭಿಸಿದರು. ಗುತ್ತಿಗೆ ಹಿಡಿದವನು ಲೀ ಮಾಂಟ್ಗೊಮರಿ, ಮೆಥಡಿಸ್ಟ್ ಪಾದ್ರಿ. ಎರಡು ವರ್ಷದಲ್ಲಿ ಮುಗಿಸುವ ಲೆಕ್ಕ. ಒಳಗಿನ ಕಲ್ಲು ಪದರಪದರವಾಗಿ ಕುಸಿಯುತ್ತಿತ್ತು, ಕಂಪನಿಯ ಖಜಾನೆಯೂ ಹಾಗೆಯೇ ಕುಸಿಯುತ್ತಿತ್ತು. ನಡುವೆ ಕೆಲಸವೇ ನಿಂತುಹೋದ ವರ್ಷಗಳುಂಟು. ಸುಮಾರು 950 ಮೀಟರ್ ಉದ್ದದ, ಅರವತ್ತು ಲಕ್ಷದ ಹತ್ತಿರ ಇಟ್ಟಿಗೆ ನುಂಗಿದ ಆ ಸುರಂಗ ಮುಗಿಯುವುದಕ್ಕೆ ಹದಿನಾಲ್ಕು ವರ್ಷ ಹಿಡಿಯಿತು. ಬಾಲ್ಟಿಮೋರ್ ಅಂಡ್ ಒಹಾಯೊ ರೈಲು 1842ರಲ್ಲಿಯೇ ಕಂಬರ್ಲೆಂಡ್ ತಲುಪಿತ್ತು. ಕಾಲುವೆ ಅಲ್ಲಿಗೆ ಬಂದದ್ದು 1850ರಲ್ಲಿ. ಮುಂದೆ ಬೆಟ್ಟ ಹತ್ತಿ ಪಿಟ್ಸ್‌ಬರ್ಗಿಗೆ ಇಳಿಯುವ ಮಾತು ಮಾತಾಗಿಯೇ ಉಳಿಯಿತು. ಹೆಸರಿನಲ್ಲಿ ಒಹಾಯೊ ಇಟ್ಟುಕೊಂಡ ಕಾಲುವೆ ಒಹಾಯೊ ನದಿಯನ್ನು ಕಣ್ಣಿನಿಂದಲೂ ಕಾಣಲಿಲ್ಲ.

ಆದರೂ ಅದು ದುಡಿಯಿತು. ಕಂಬರ್ಲೆಂಡಿನ ಸುತ್ತಲಿನ ಕಲ್ಲಿದ್ದಲನ್ನು ದೋಣಿಗಳಲ್ಲಿ ತುಂಬಿ ಕೆಳಗೆ ಸಾಗಿಸುತ್ತಿದ್ದರು. 1875ರ ಒಂದೇ ವರ್ಷದಲ್ಲಿ 9 ಲಕ್ಷ ಟನ್ನಿಗೂ ಮೀರಿದ ಸರಕು ಸಾಗಿತು. ದಂಡೆಯ ಮೇಲೆ ಹೇಸರಗತ್ತೆಗಳು ಹಗ್ಗ ಕಟ್ಟಿಕೊಂಡು ದೋಣಿಯನ್ನು ಎಳೆಯುತ್ತಿದ್ದವು. ಸರದಿ ಮುಗಿಸಿದ ಜೋಡಿಗೆ ದೋಣಿಯ ಮುಂಭಾಗದಲ್ಲಿಯೇ ಲಾಯ. ಹಿಂಭಾಗದ ಚಿಕ್ಕ ಕೋಣೆಯಲ್ಲಿ ದೋಣಿಯವನ ಸಂಸಾರ. ಹೇಸರಗತ್ತೆಗಳ ಹಿಂದೆ ಮೈಲಿಗಟ್ಟಲೆ ನಡೆಯುವ ಕೆಲಸ ಎಷ್ಟೋ ಸಲ ಮನೆಯ ಮಕ್ಕಳದು. ಆ ಮಕ್ಕಳ ಕಾಲಿನ ದಾರಿಯೇ ಇಂದಿನ ಸೈಕಲ್ ದಾರಿ. ಅದು ತುಳಿಯುವವರಿಗೆ ಅಷ್ಟು ಹಿತವಾಗಿರುವುದಕ್ಕೂ ಕಾರಣ ಇಲ್ಲಿಯೇ ಇದೆ. ಕಂಬರ್ಲೆಂಡಿನಿಂದ ವಾಷಿಂಗ್ಟನ್ನಿಗೆ 184 ಮೀಟರಿನಷ್ಟು ಇಳಿತ. ಆ ಇಳಿತವನ್ನೆಲ್ಲ 74 ಲಾಕುಗಳಲ್ಲಿ, ಅಂದರೆ ಮುಂದೊಂದು ಹಿಂದೊಂದು ಗೇಟು ಮುಚ್ಚಿ ನೀರು ಏರಿಳಿಸಿ ದೋಣಿಯನ್ನು ದಾಟಿಸುವ ಕಲ್ಲಿನ ತೊಟ್ಟಿಗಳಲ್ಲಿ, ಮೆಟ್ಟಿಲಿನಂತೆ ಹಂಚಿದ್ದಾರೆ. ಒಂದು ಲಾಕಿನಿಂದ ಇನ್ನೊಂದಕ್ಕೆ ನೀರು ಬಹುಮಟ್ಟಿಗೆ ಸಮತಟ್ಟು. ನೀರು ಸಮತಟ್ಟಾದರೆ ದಂಡೆಯೂ ಸಮತಟ್ಟು. ಹೇಸರಗತ್ತೆಯ ಮೇಲಿನ ಕರುಣೆಯಿಂದಲ್ಲ, ನೀರಿನ ಹಟದಿಂದ ಆದ ಸೌಖ್ಯ ಇದು.

1889ರ ಮಹಾಪೂರದಲ್ಲಿ ಕಾಲುವೆಯ ದಂಡೆಗಳು ಒಡೆದು ಕಂಪನಿ ಮುಳುಗಿತು. ಇಲ್ಲಿಂದ ಕಥೆ ನಮಗೆ ಹೆಚ್ಚು ರುಚಿಸುತ್ತದೆ. ಕಾಲುವೆಯ ಸಾಲಪತ್ರಗಳ ದೊಡ್ಡ ಪಾಲನ್ನು ಹೊಂದಿದ್ದದ್ದು ಅದರ ಹಳೆಯ ಹಗೆ, ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆ. ಹಗೆ ಸತ್ತಿತೆಂದು ಅದು ಹಬ್ಬ ಮಾಡಬಹುದಿತ್ತು. ಮಾಡಲಿಲ್ಲ. ಕಾಲುವೆಯ ನೆಲ ಹರಾಜಿಗೆ ಬಂದರೆ ವೆಸ್ಟರ್ನ್ ಮೇರಿಲ್ಯಾಂಡ್ ಎಂಬ ಪ್ರತಿಸ್ಪರ್ಧಿ ರೈಲ್ವೆ ಅದನ್ನು ಕೊಂಡು, ಹದವಾಗಿ ಸಿದ್ಧವಾಗಿರುವ ಆ ದಂಡೆಯ ಮೇಲೆ ಹಳಿ ಹಾಕೀತೆಂಬ ಭಯ ಅದಕ್ಕೆ. ಆದ್ದರಿಂದ ನ್ಯಾಯಾಲಯದ ಅಪ್ಪಣೆ ಪಡೆದು ಕಾಲುವೆಯನ್ನು ತಾನೇ ದುರಸ್ತಿ ಮಾಡಿಸಿತು. ಲಾಭ ತೋರಿಸದಿದ್ದರೆ ಮಾರಾಟ ಎಂಬ ಷರತ್ತಿಗೂ ಉಪಾಯ ಹೂಡಿತು: ತನ್ನದೇ ಕೈಕೆಳಗಿನ ಒಂದು ಸಾಗಣೆ ಕಂಪನಿಯ ಮೂಲಕ ಕಾಲುವೆಗೆ ವರ್ಷವರ್ಷ ಹಣ ಕಟ್ಟಿಸಿ, ಲೆಕ್ಕದ ಪುಸ್ತಕದಲ್ಲಿ ಲಾಭ ಹುಟ್ಟಿಸಿತು. ಹೀಗೆ, ಸತ್ತ ಕಾಲುವೆಗೆ ಅದರ ಕೊಲೆಗಾರನೇ ಮೂವತ್ತೈದು ವರ್ಷ ಉಸಿರು ಊದಿದ. 1924ರಲ್ಲಿ ಮತ್ತೆ ಪ್ರವಾಹ ಬಂತು. ಅಷ್ಟು ಹೊತ್ತಿಗೆ ಪ್ರತಿಸ್ಪರ್ಧಿ ಬೇರೆ ದಾರಿಯಲ್ಲಿ ಕಂಬರ್ಲೆಂಡನ್ನು ಮುಟ್ಟಿಯಾಗಿತ್ತು. ಕಾಲುವೆಯನ್ನು ಕಾಯುವ ಕಾರಣವೂ ಹೋಗಿತ್ತು. ದೋಣಿಗಳು ನಿಂತವು, ತೊಟ್ಟಿಗಳಲ್ಲಿ ಗಿಡ ಬೆಳೆಯಿತು. ಆದರೆ ನೆಲ ಇನ್ನೂ ಒಂದೇ ಖಾತೆಯಲ್ಲಿತ್ತು. 1938ರಲ್ಲಿ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ರೈಲ್ವೆ ಅದನ್ನು 20 ಲಕ್ಷ ಡಾಲರಿಗೆ ಸರಕಾರಕ್ಕೆ ಮಾರಿತು. ವಾಷಿಂಗ್ಟನ್ನಿನ ಹತ್ತಿರದ ಸುಮಾರು 35 ಕಿಲೋಮೀಟರನ್ನು ದುರಸ್ತಿ ಮಾಡಿದವರು ನಿರುದ್ಯೋಗ ಪರಿಹಾರದ ಸರಕಾರಿ ಶಿಬಿರಗಳ ಕಪ್ಪು ಯುವಕರು. ವರ್ಣಭೇದದ ಕಾಲವಾದ್ದರಿಂದ ಅವರದು ಬೇರೆಯೇ ತುಕಡಿ. ಅವರ ಹೆಸರುಗಳನ್ನು ದಾರಿಯ ವರ್ಣನೆಗಳಲ್ಲಿ ನಾವು ಕಾಣುವುದು ಅಪರೂಪ.

ಸರಕಾರದ ಕೈಗೆ ಬಂದ ಮಾತ್ರಕ್ಕೆ ನೆಲ ಉಳಿಯಿತೆಂದಲ್ಲ. ಮಹಾಯುದ್ಧ ಮುಗಿದು ಮೋಟಾರು ಕಾರುಗಳ ಯುಗ ಆರಂಭವಾಗಿತ್ತು. ಇಷ್ಟುದ್ದದ ಸಮತಟ್ಟು ನೆಲ ಖಾಲಿ ಬಿದ್ದಿರುವುದನ್ನು ಕಂಡ ಅಧಿಕಾರಿಗಳು 1950ರಲ್ಲಿ ಅದರ ಮೇಲೆ ವಿಹಾರದ ಮೋಟಾರು ರಸ್ತೆ ಮಾಡುವ ವರದಿ ತಯಾರಿಸಿದರು. ಇಂದು ಈ ದಂಡೆಯನ್ನು ರಕ್ಷಿಸುತ್ತಿರುವ ರಾಷ್ಟ್ರೀಯ ಉದ್ಯಾನ ಇಲಾಖೆಯೇ ಆ ಸಲಹೆಯಲ್ಲಿ ಪಾಲುದಾರ ಎಂಬುದನ್ನು ಮರೆಯಬಾರದು. 1954ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ರಸ್ತೆಯನ್ನು ಬೆಂಬಲಿಸಿ ಸಂಪಾದಕೀಯ ಬರೆಯಿತು. ಅದಕ್ಕೆ ಉತ್ತರವಾಗಿ ಒಂದು ಪತ್ರ ಬಂತು. ಬರೆದವನು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್. ಹಿಮಾಲಯದಲ್ಲಿ ಅಲೆದು ಪುಸ್ತಕ ಬರೆದಿದ್ದ ಈತ ನಡಿಗೆಯ ಹುಚ್ಚಿನವನು. ಸಂಪಾದಕರು ತನ್ನೊಡನೆ ಆ ದಂಡೆಯನ್ನು ಕಾಲ್ನಡಿಗೆಯಲ್ಲಿ ನೋಡಲಿ, ಆಮೇಲೆ ಬರೆಯಲಿ ಎಂಬುದು ಅವನ ಸವಾಲು. ಸಂಪಾದಕರು ಒಪ್ಪಿದರು. ಮಾರ್ಚ್ 20ರಂದು ಕಂಬರ್ಲೆಂಡಿನಿಂದ ಹೊರಟ ಐವತ್ತಕ್ಕೂ ಹೆಚ್ಚು ಮಂದಿಯಲ್ಲಿ, ಎಂಟನೆಯ ದಿನ ವಾಷಿಂಗ್ಟನ್ ತಲುಪುವಾಗ ಪೂರ್ತಿ ದಾರಿ ನಡೆದು ಉಳಿದವರು ಒಂಬತ್ತೇ ಜನ. ಐವತ್ತೈದು ವರ್ಷದ ಡಗ್ಲಸ್ ಅವರಲ್ಲೊಬ್ಬ. ಸಂಪಾದಕರ ಕಾಲುಗಳಲ್ಲಿ ಬೊಕ್ಕೆ ಎದ್ದಿದ್ದವು. ಪತ್ರಿಕೆ ಪೂರ್ತಿ ಶರಣಾಗದಿದ್ದರೂ ತನ್ನ ನಿಲುವನ್ನು ಬದಲಿಸಿಕೊಂಡಿತು. ಪಾದದ ಬೊಕ್ಕೆ ಅಭಿಪ್ರಾಯವನ್ನು ಬದಲಿಸಿದ ಉದಾಹರಣೆ ಪತ್ರಿಕೋದ್ಯಮದ ಚರಿತ್ರೆಯಲ್ಲಿ ಇನ್ನೊಂದು ಇದೆಯೋ ಇಲ್ಲವೋ.

ಡಗ್ಲಸ್ ಈ ವಿಷಯದಲ್ಲಿ ನಿಷ್ಪಕ್ಷಪಾತಿಯಾಗಿರಲಿಲ್ಲ. ನ್ಯಾಯಪೀಠದಲ್ಲಿ ಕುಳಿತವನು ಹೀಗೆ ಒಂದು ಸಾರ್ವಜನಿಕ ವಿವಾದಕ್ಕೆ ಧುಮುಕಬಹುದೇ ಎಂದು ಕೇಳುವವರಿಗೆ ನಮ್ಮಲ್ಲಿ ಸುಲಭದ ಉತ್ತರವಿಲ್ಲ. ಮುಂದೆ 1972ರ ಒಂದು ಮೊಕದ್ದಮೆಯಲ್ಲಿ, ಕಣಿವೆ ನದಿ ಮರಗಳ ಹೆಸರಿನಲ್ಲಿಯೂ ದಾವೆ ಹೂಡುವ ಅವಕಾಶವಿರಬೇಕೆಂದು ಭಿನ್ನಮತದ ತೀರ್ಪು ಬರೆದವನು ಈತನೇ. ಕಾಲುವೆಯ ವಿಷಯದಲ್ಲಂತೂ ಸರಕಾರಿ ಕಡತ ಸರಕಾರಿ ಗತಿಯಲ್ಲಿಯೇ ಚಲಿಸಿತು. ಐಸೆನ್‌ಹೋವರ್ ಅಧಿಕಾರ ಬಿಡುವ ಎರಡು ದಿನ ಮೊದಲು, 1961ರ ಜನವರಿ 18ರಂದು, ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದ. ಉದ್ದಕ್ಕೂ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾದದ್ದು 1971ರಲ್ಲಿ, ನಿಕ್ಸನ್ನನ ಸಹಿಯಿಂದ. ನಡಿಗೆಯಿಂದ ಸಹಿಗೆ ಹದಿನೇಳು ವರ್ಷ. ಕಡತಗಳ ನಡುವೆಯೇ ಅನ್ನ ಸಂಪಾದಿಸುವ ನಮಗೆ ಇದು ಅಷ್ಟೇನೂ ವಿಳಂಬವೆನಿಸುವುದಿಲ್ಲ.

ಇನ್ನು ಕಂಬರ್ಲೆಂಡಿನಿಂದ ಪಶ್ಚಿಮದ ಅರ್ಧ. ಬಾಲ್ಟಿಮೋರ್ ಅಂಡ್ ಒಹಾಯೊ ಯಾರಿಗೆ ಹೆದರಿ ಕಾಲುವೆಯನ್ನು ಕಾದಿತ್ತೋ ಆ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯೇ 1912ರಲ್ಲಿ ಆಲಿಗೇನಿ ಬೆಟ್ಟವನ್ನು ದಾಟಿ ಕಾನಲ್ಸ್‌ವಿಲ್ ಊರಿಗೆ ಹಳಿ ಹಾಕಿತು. ಬಿಗ್ ಸ್ಯಾವೇಜ್ ಬೆಟ್ಟವನ್ನು ಒಂದು ಕಿಲೋಮೀಟರ್ ಕೊರೆದರು. ಸಾಲ್ಸ್‌ಬರಿಯ ಕಣಿವೆಯ ಮೇಲೆ 580 ಮೀಟರ್ ಉದ್ದದ, 30 ಮೀಟರ್ ಎತ್ತರದ ಉಕ್ಕಿನ ಸೇತುವೆ ನಿಲ್ಲಿಸಿದರು. ಉಗಿಬಂಡಿಗೆ ಕಡಿದಾದ ಏರು ಆಗದು. ಆದ್ದರಿಂದ ಕಂಬರ್ಲೆಂಡಿನಿಂದ ಜಲವಿಭಾಜಕದ ನೆತ್ತಿಗೆ, ಸಮುದ್ರಮಟ್ಟದಿಂದ 729 ಮೀಟರ್ ಎತ್ತರಕ್ಕೆ, ಏರನ್ನು 38 ಕಿಲೋಮೀಟರುಗಳಲ್ಲಿ ಸಣ್ಣಗೆ ಹರಡಿದರು. ಅಲ್ಲಿಂದಾಚೆ ಪಿಟ್ಸ್‌ಬರ್ಗಿನವರೆಗೂ ಇಳುಕಲು. ಮೊದಲ ಅರ್ಧದಲ್ಲಿ ನೀರಿನ ಹಟ ಮಾಡಿದ ಕೆಲಸವನ್ನು ಇಲ್ಲಿ ಉಗಿಬಂಡಿಯ ದೌರ್ಬಲ್ಯ ಮಾಡಿದೆ.

ಕ್ಯಾಸಲ್‌ಮನ್, ಯಾಕಗೇನಿ ನದಿಗಳ ಕಣಿವೆಯಲ್ಲಿ ಹೀಗೆ ಎರಡು ರೈಲುದಾರಿಗಳಾದವು: ಒಂದು ದಡದಲ್ಲಿ ಹಳಬನದು, ಬಹುಮಟ್ಟಿಗೆ ಇನ್ನೊಂದು ದಡದಲ್ಲಿ ಹೊಸಬನದು. 1973ರಲ್ಲಿ ಎರಡೂ ಕಂಪನಿಗಳು ಒಂದೇ ಒಡೆತನದ ಕೆಳಗೆ ಬಂದವು. ಒಂದೇ ಕಣಿವೆಗೆ ಎರಡು ದಾರಿ ಏಕೆಂದು ಲೆಕ್ಕ ಹಾಕಿ 1975ರಲ್ಲಿ ಹೊಸಬನ ದಾರಿಯನ್ನು ಮುಚ್ಚಿದರು. 1978ರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯಾದ ಒಂದು ನಿಸರ್ಗ ಸಂರಕ್ಷಣಾ ಸಂಸ್ಥೆ 43 ಕಿಲೋಮೀಟರಿನಷ್ಟು ನೆಲವನ್ನು ಕೊಂಡಿತು. 1986ರಲ್ಲಿ ಒಹಾಯೊಪೈಲ್ ಜಲಪಾತದ ಹತ್ತಿರ ಮೊದಲ 15 ಕಿಲೋಮೀಟರು ಸೈಕಲ್ಲಿಗೆ ತೆರೆಯಿತು. ಕೊನೆಯ ಕೊಂಡಿ ಕೂಡಿ ಪಿಟ್ಸ್‌ಬರ್ಗ್ ಮುಟ್ಟಿದ್ದು 2013ರ ಜೂನಿನಲ್ಲಿ. 1785ರಲ್ಲಿ ವಾಷಿಂಗ್ಟನ್ ಕಂಡ, 1828ರಲ್ಲಿ ಆಡಮ್ಸ್ ಬೇರು ಕಡಿದು ಆರಂಭಿಸಿದ ದಾರಿ ಕೊನೆಗೂ ಒಹಾಯೊ ನದಿಯ ಉಗಮಕ್ಕೆ ತಲುಪಿತು. ಒಂದು ಚೀಲ ಕಲ್ಲಿದ್ದಲೂ ಅದರ ಮೇಲೆ ಸಾಗುವುದಿಲ್ಲ. ಕಲ್ಲಿದ್ದಲು ಈಗಲೂ ಎದುರು ದಡದಲ್ಲಿ, ಹಳಬನ ಹಳಿಯ ಮೇಲೆ, ಗೂಡ್ಸ್ ಗಾಡಿಗಳಲ್ಲಿ ಹೋಗುತ್ತದೆ. ಅದರ ಸೀಟಿ ಸೈಕಲ್ಲಿನವರಿಗೆ ಕೇಳಿಸುತ್ತದೆ.

ರೈಲುದಾರಿ ಮುಚ್ಚಿದ ಕಡೆಗಳಲ್ಲೆಲ್ಲ ಹೀಗೆ ಸುಸೂತ್ರವಾಗಿ ನಡೆಯಲಿಲ್ಲ. ಅಮೆರಿಕದಲ್ಲಿ ಎಷ್ಟೋ ಕಡೆ ರೈಲ್ವೆಗೆ ನೆಲದ ಒಡೆತನವಿರಲಿಲ್ಲ, ದಾಟಿಹೋಗುವ ಹಕ್ಕು ಮಾತ್ರವಿತ್ತು. ರೈಲು ನಿಂತರೆ ಹಕ್ಕು ಅಳಿದು ನೆಲ ಪಕ್ಕದ ಹೊಲದವನಿಗೆ ಮರಳಬೇಕು. ಹಾಗೆ ಒಂದು ಹೊಲ ಮರಳಿದರೆ ದಾರಿ ತುಂಡಾದಂತೆಯೇ. 1983ರಲ್ಲಿ ಅಲ್ಲಿನ ಶಾಸನಸಭೆ ಒಂದು ಜಾಣ ತಿದ್ದುಪಡಿ ಮಾಡಿತು: ಮುಂದೆಂದಾದರೂ ರೈಲು ಬೇಕಾದೀತು, ಅಲ್ಲಿಯವರೆಗೆ ಜನ ನಡೆಯಲಿ, ಸೈಕಲ್ ತುಳಿಯಲಿ, ಕಾನೂನಿನ ಕಣ್ಣಿಗೆ ರೈಲುದಾರಿ ಮುಚ್ಚಿಯೇ ಇಲ್ಲ. ಸತ್ತವನನ್ನು ನಿದ್ರೆಯಲ್ಲಿದ್ದಾನೆಂದು ಬರೆದುಕೊಳ್ಳುವ ಈ ಉಪಾಯ ಹಿಂದಿನ ಶತಮಾನದ ಕಾಲುವೆಯ ಸುಳ್ಳು ಲಾಭವನ್ನು ನೆನಪಿಸುತ್ತದೆ. ಹೊಲದವರು ಸುಮ್ಮನಿರಲಿಲ್ಲ. 1990ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾನೂನು ಸಿಂಧು ಎಂದಿತು, ಆದರೆ ನೆಲದವರು ಪರಿಹಾರ ಕೇಳಬಹುದೆಂದೂ ಹೇಳಿತು. 2014ರ ವಯೋಮಿಂಗ್ ರಾಜ್ಯದ ಇನ್ನೊಂದು ಮೊಕದ್ದಮೆಯಲ್ಲಿ, ಅಧಿಕೃತವಾಗಿಯೇ ಕೈಬಿಟ್ಟ ರೈಲುದಾರಿಯ ವಿಷಯದಲ್ಲಿ, ಹೊಲದವನೇ ಗೆದ್ದ. ನಮ್ಮ ಮನಸ್ಸು ಸೈಕಲ್ಲಿನವರ ಕಡೆಗಿದ್ದರೂ ಹೊಲದವನ ಮಾತನ್ನು ದುರಾಸೆಯೆಂದು ತಳ್ಳಿಹಾಕಲು ಸಾಧ್ಯವಿಲ್ಲ. ಅಜ್ಜ ರೈಲಿಗೆ ಕೊಟ್ಟ ದಾರಿಯಲ್ಲಿ ರೈಲೇ ಇಲ್ಲದಾಗ ಮೊಮ್ಮಗ ಹಿತ್ತಿಲನ್ನು ಕೇಳುವುದು ಸಹಜ.

ಈ ದಾರಿಯ ಕಾಡನ್ನು ನೋಡಿ ಆದಿಕಾಲದ್ದೆಂದು ಮೋಸಹೋಗುವುದೂ ಸುಲಭ. ಕಾನಲ್ಸ್‌ವಿಲ್ ಒಂದು ಕಾಲದಲ್ಲಿ ಪಿಟ್ಸ್‌ಬರ್ಗಿನ ಉಕ್ಕಿನ ಕುಲುಮೆಗಳಿಗೆ ಕೋಕ್ ಸುಟ್ಟು ಕೊಡುತ್ತಿದ್ದ ಊರು. ಜೇನುಗೂಡಿನಂಥ ಇಟ್ಟಿಗೆಯ ಗೂಡುಗಳು ಈಗಲೂ ಪೊದೆಗಳ ನಡುವೆ ಬಾಯಿ ಬಿಟ್ಟು ನಿಂತಿವೆ. ಒಂದೆಡೆ ಹಳೆಯ ಗಣಿಯಿಂದ ಇಳಿಯುವ ನೀರು ಬಂಡೆಯನ್ನು ಕಬ್ಬಿಣದ ಕೆಂಪಿಗೆ ತಿರುಗಿಸಿದೆ. ಪ್ರವಾಸಿಗಳು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಪಿಟ್ಸ್‌ಬರ್ಗ್ ಹತ್ತಿರವಾದಂತೆ ಹೋಮ್‌ಸ್ಟೆಡ್ ಬರುತ್ತದೆ. 1892ರ ಜುಲೈಯಲ್ಲಿ ಕಾರ್ನೆಗಿಯ ಉಕ್ಕಿನ ಕಾರ್ಖಾನೆಯ ಮುಷ್ಕರನಿರತರು, ದೋಣಿಯಲ್ಲಿ ಬಂದ ಬಾಡಿಗೆ ಬಂದೂಕಿನವರನ್ನು ಎದುರಿಸಿ ಪ್ರಾಣ ತೆತ್ತ ದಡದ ಪಕ್ಕದಲ್ಲಿಯೇ ಸೈಕಲ್ ದಾರಿ ಹಾಯುತ್ತದೆ.

ಚೆನ್ನೈಯಲ್ಲಿರುವ ಓದುಗರಿಗೆ ಇಷ್ಟು ಹೊತ್ತಿಗೆ ಬಕಿಂಗ್‌ಹ್ಯಾಮ್ ಕಾಲುವೆ ನೆನಪಾಗಿರಬೇಕು. 1806ರಲ್ಲಿ ಆರಂಭವಾದ ಆ ಕಾಲುವೆಯೂ ದೋಣಿಗಳಿಗಾಗಿಯೇ ಆದದ್ದು, ಅದನ್ನೂ ರೈಲು ಲಾರಿಗಳು ಸೋಲಿಸಿದವು. ನಗರದೊಳಗೆ ಕೂವಂ, ಅಡ್ಯಾರ್ ನದಿಗಳನ್ನು ಜೋಡಿಸುವ ಅದರ ಭಾಗವನ್ನು ಅಗೆಸಿದ್ದು 1877-78ರ ಬರ ಪರಿಹಾರದ ಕಾಮಗಾರಿಯಾಗಿ. ನಮ್ಮ ಬಳ್ಳಾರಿ, ಮೈಸೂರು ಸೀಮೆಗಳ ಹಿರಿಯರು ಧಾತು-ಈಶ್ವರ ಬರವೆಂದು ನೆನೆಯುತ್ತಿದ್ದದ್ದು ಅದೇ ಬರವನ್ನು. ಹಸಿದವರು ಅಗೆದ ಆ ಕಾಲುವೆಯ ಒಡಲಲ್ಲಿ ಇಂದು ನಗರ ರೈಲಿನ ಕಾಂಕ್ರೀಟು ಕಂಬಗಳು ನಿಂತಿವೆ. ಅಲ್ಲಿಯೂ ನೆಲ ಒಂದೇ ಖಾತೆಯಲ್ಲಿತ್ತು. ಖಾಲಿ ನೆಲ ಸಿಕ್ಕಿತೆಂದು ಬಳಸಿಕೊಂಡರು. ಲಕ್ಷಾಂತರ ಜನ ಆ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ಆದ್ದರಿಂದ ಅದನ್ನು ಬರಿಯ ಅವಿವೇಕವೆನ್ನಲಾರೆವು. ಆದರೂ ತಿರುಮೈಲೈ ನಿಲ್ದಾಣದ ಮೇಲಿನಿಂದ ಕೆಳಗಿನ ಕಪ್ಪು ನೀರನ್ನು ನೋಡುವಾಗ, ಯಾರಾದರೊಬ್ಬ ನ್ಯಾಯಮೂರ್ತಿ ಒಬ್ಬ ಸಂಪಾದಕನನ್ನು ಕರೆದುಕೊಂಡು ಈ ದಂಡೆಯಲ್ಲಿ ನಡೆದಿದ್ದರೆ ಎಂದು ಅನ್ನಿಸದಿರುವುದಿಲ್ಲ.

ಪಾ ಪಾ ಸುರಂಗದೊಳಗೆ ಒಂದು ಸಲಕ್ಕೆ ಒಂದೇ ದೋಣಿಗೆ ಜಾಗ. ಒಮ್ಮೆ ಎರಡು ದೋಣಿಗಳು ಎದುರುಬದುರಾಗಿ, ಹಿಂದೆ ಸರಿಯಲು ಇಬ್ಬರೂ ಒಪ್ಪದೆ ದಿನಗಟ್ಟಲೆ ನಿಂತವಂತೆ. ಕೊನೆಗೆ ಕಂಪನಿಯವರು ಸುರಂಗದ ಬಾಯಿಯಲ್ಲಿ ಹಸಿ ಜೋಳದ ದಂಟಿಗೆ ಬೆಂಕಿ ಹಚ್ಚಿ ಹೊಗೆ ಹಾಕಿ ಹೊರಡಿಸಿದರೆಂದು ಹೇಳುತ್ತಾರೆ. ಅಲ್ಲಿ ಇಂದಿಗೂ ದೀಪವಿಲ್ಲ. ಸೈಕಲ್ಲಿನವರು ಇಳಿದು, ಟಾರ್ಚು ಹಿಡಿದು, ಸೈಕಲ್ ತಳ್ಳಿಕೊಂಡು ನಡೆಯಬೇಕು. ನೀರಿನ ಪಕ್ಕದ ಇಕ್ಕಟ್ಟಿನ ದಾರಿಗೆ ಮರದ ಕಟಕಟೆಯಿದೆ. ಅದರ ಮೇಲೆ ಕೈಯಾಡಿಸಿದರೆ ಬೆರಳಿಗೆ ಗೀರುಗಳು ಸಿಗುತ್ತವೆ. ದೋಣಿ ಎಳೆಯುವ ಹಗ್ಗ ಎಷ್ಟೋ ವರ್ಷ ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ಕೊರೆದ ಗೀರುಗಳು ಅವು.